ಬೆನ್ ವಾಲೇಸ್: ಅಂಕ ನೋಡಿ ಅಳೆಯಲಾಗದ ಆಟ

ಬಾಸ್ಕೆಟ್‌ಬಾಲ್‌ನಲ್ಲಿ ಡಿಫೆನ್ಸ್, ಅಂದರೆ ಎದುರಾಳಿ ಅಂಕ ಹಾಕದಂತೆ ತಡೆಯುವ ಆಟ, ಅರ್ಥವಾಗಬೇಕಾದರೆ ಬೆನ್ ವಾಲೇಸ್ ಅವರ ಆಟವನ್ನು ಓದಬೇಕು. ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ 1996ರಿಂದ 2012ರವರೆಗೆ ಆಡಿದವರು. ಪಂದ್ಯಕ್ಕೆ ಅವರ ಸರಾಸರಿ ಅಂಕ ಬರೀ 5.7. ಇಷ್ಟು ಕಡಿಮೆ ಅಂಕ ಹಾಕಿದವರು ಹಾಲ್ ಆಫ್ ಫೇಮ್‌ಗೆ, ಅಂದರೆ ಆಟದ ದಿಗ್ಗಜರ ಗೌರವ ಪಟ್ಟಿಗೆ, ಹೋದದ್ದು ಹೇಗೆ? ಈ ಪ್ರಶ್ನೆ ಹಿಡಿದುಕೊಂಡೇ ಓದೋಣ.

ಹುಟ್ಟಿದ್ದು 1974ರಲ್ಲಿ, ಅಲಬಾಮಾ ರಾಜ್ಯದ ವೈಟ್ ಹಾಲ್ ಎಂಬ ಪುಟ್ಟ ಊರಿನಲ್ಲಿ. 11 ಮಕ್ಕಳಲ್ಲಿ 10ನೆಯವರು. ಹೈಸ್ಕೂಲಿನಲ್ಲಿದ್ದಾಗ ಎನ್‌ಬಿಎ ಆಟಗಾರ ಚಾರ್ಲ್ಸ್ ಓಕ್ಲೆ ಅವರ ಶಿಬಿರಕ್ಕೆ ಸೇರಲು 50 ಡಾಲರ್ ಬೇಕಾಯಿತು. ಊರವರ ಕೂದಲು ಕತ್ತರಿಸಿ ಆ ದುಡ್ಡು ಹೊಂದಿಸಿದರು. ಮುಂದೆ ಓಕ್ಲೆ ಅವರ ಬೆಂಬಲದಿಂದಲೇ, ಓಕ್ಲೆ ಓದಿದ್ದ ವರ್ಜೀನಿಯಾ ಯೂನಿಯನ್ ವಿಶ್ವವಿದ್ಯಾಲಯಕ್ಕೆ ಸೇರಿದರು.

ಈಗ ಡ್ರಾಫ್ಟ್ ವಿಷಯ. ಎನ್‌ಬಿಎ ತಂಡಗಳು ಪ್ರತಿವರ್ಷ ಸರದಿ ಪ್ರಕಾರ ಹೊಸ ಆಟಗಾರರನ್ನು ಆರಿಸಿಕೊಳ್ಳುತ್ತವೆ, ಅದೇ ಡ್ರಾಫ್ಟ್. 1996ರಲ್ಲಿ 58 ಹೆಸರು ಕೂಗಿದರು. ವಾಲೇಸ್ ಹೆಸರು ಅದರಲ್ಲಿ ಇರಲಿಲ್ಲ. ರಿಂಗ್ ಹತ್ತಿರ ಆಡುವ ಸೆಂಟರ್ ಸ್ಥಾನಕ್ಕೆ ಎತ್ತರ ಸಾಲದು, ಹೊರಗಿನಿಂದ ಶಾಟ್ ಹೊಡೆಯಲು ಬರುವುದಿಲ್ಲ ಎನ್ನುವ ಅನುಮಾನ. ಕೊನೆಗೆ ವಾಷಿಂಗ್ಟನ್ ತಂಡ ಡ್ರಾಫ್ಟ್ ಇಲ್ಲದೆಯೇ ಕರೆದುಕೊಂಡಿತು. 1999ರಲ್ಲಿ ಒರ್ಲಾಂಡೊಗೆ ಹೋದರು.

2000ರಲ್ಲಿ ನಡೆದದ್ದನ್ನು ಗುರುತು ಹಾಕಿಕೊಳ್ಳಿ. ಡೆಟ್ರಾಯಿಟ್ ಪಿಸ್ಟನ್ಸ್‌ನ ದೊಡ್ಡ ತಾರೆ ಗ್ರಾಂಟ್ ಹಿಲ್ ಒರ್ಲಾಂಡೊಗೆ ಹೋದರು. ಬದಲಿಗೆ ಡೆಟ್ರಾಯಿಟ್‌ಗೆ ಸಿಕ್ಕಿದ್ದು ಚಕ್ಕಿ ಆಟ್ಕಿನ್ಸ್ ಮತ್ತು ವಾಲೇಸ್. ಆಗ ನೋಡಿದವರಿಗೆ ಇದು ಪೂರ್ತಿ ನಷ್ಟದ ವ್ಯಾಪಾರ. ಆದರೆ ಹಿಲ್ ಅವರಿಗೆ ಕಣಕಾಲಿನ ಗಾಯದಿಂದ ಮೊದಲ 4 ಸೀಸನ್ ಸೇರಿಸಿ 47 ಪಂದ್ಯ ಮಾತ್ರ ಆಡಲು ಆಯಿತು. ವಾಲೇಸ್ ಅಷ್ಟರಲ್ಲಿ ಲೀಗಿನ ಅತ್ಯುತ್ತಮ ಡಿಫೆಂಡರ್ ಆಗಿದ್ದರು. ಆ ಪ್ರಶಸ್ತಿ ಅವರಿಗೆ 4 ಸಲ ಬಂತು: 2002, 2003, 2005, 2006.

2002–03ರ ಸರಾಸರಿ ನೋಡಿ: ಅಂಕ 6.9, ರೀಬೌಂಡ್ 15.4. ಗುರಿ ತಪ್ಪಿದ ಚೆಂಡನ್ನು ಹಿಡಿಯುವುದು ರೀಬೌಂಡ್ ಅಂತ ನಮಗೆಲ್ಲ ಗೊತ್ತು. ಆದರೆ ಅದರಲ್ಲಿ ನೆಗೆತಕ್ಕಿಂತ ಜಾಗ ಮುಖ್ಯ. ಶಾಟ್ ಹೋದ ಕೂಡಲೇ ಎದುರಾಳಿಗೆ ಬೆನ್ನು ಕೊಟ್ಟು, ಮಂಡಿ ಬಗ್ಗಿಸಿ, ಅವನನ್ನು ರಿಂಗ್‌ನಿಂದ ದೂರ ಇಡಬೇಕು. ಇದೇ ಬಾಕ್ಸಿಂಗ್ ಔಟ್. ದಾಖಲೆಗಳಲ್ಲಿ 6 ಅಡಿ 9 ಇಂಚು ಇದ್ದ ವಾಲೇಸ್ ತಮಗಿಂತ ಎತ್ತರದವರ ನಡುವೆ ಬದುಕಿದ್ದು ಹೀಗೆ. ಇನ್ನೊಂದು ವಿಷಯ: ಎದುರಾಳಿಯ ಒಂದು ರೀಬೌಂಡ್ ತಪ್ಪಿಸಿದರೆ ಅವರ ಎರಡನೇ ಶಾಟ್ ತಪ್ಪಿಸಿದ ಹಾಗೆ. ಅಂಕ ಹಾಕದೆಯೂ ಪಂದ್ಯ ಗೆಲ್ಲಿಸಬಹುದು, ಅಲ್ವಾ?

2004ರ ಫೈನಲ್ಸ್, ಅಂದರೆ ಎನ್‌ಬಿಎ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಸರಣಿ, ಇದಕ್ಕೆ ಸರಿಯಾದ ಉದಾಹರಣೆ. ಎದುರಿಗೆ ಲಾಸ್ ಏಂಜಲೀಸ್ ಲೇಕರ್ಸ್. ಶಕೀಲ್ ಓನೀಲ್, ಕೋಬಿ ಬ್ರಯಂಟ್, ಕಾರ್ಲ್ ಮಲೋನ್, ಗ್ಯಾರಿ ಪೇಟನ್ ಒಂದೇ ತಂಡದಲ್ಲಿ. 7 ಅಡಿ ದಾಟಿದ ಓನೀಲ್ ಮೇಲೆ ಇಬ್ಬರನ್ನು ಬಿಡುವುದು ಆಗಿನ ವಾಡಿಕೆ. ಆದರೆ ಇಬ್ಬರು ಹೋದರೆ ಉಳಿದ ಎದುರಾಳಿಗಳಲ್ಲಿ ಒಬ್ಬರನ್ನು ತಡೆಯಲು ಯಾರೂ ಇರುವುದಿಲ್ಲ. ಪಿಸ್ಟನ್ಸ್ ಕೋಚ್ ಲ್ಯಾರಿ ಬ್ರೌನ್ ಆ ದಾರಿ ಹಿಡಿಯಲಿಲ್ಲ. ಹೆಚ್ಚಿನ ಹೊತ್ತು ಓನೀಲ್ ಮೇಲೆ ಒಬ್ಬರೇ, ಮುಖ್ಯವಾಗಿ ವಾಲೇಸ್. ಕೋಬಿ ಹಿಂದೆ ಉದ್ದ ತೋಳಿನ ಟೇಶಾನ್ ಪ್ರಿನ್ಸ್. ಬಾಕಿಯವರು ತಾವು ತಡೆಯಬೇಕಾದ ಎದುರಾಳಿಯನ್ನು ಬಿಟ್ಟು ಕದಲುವ ಹಾಗಿಲ್ಲ.

ಮೊದಲ ಪಂದ್ಯದ ಲೆಕ್ಕವನ್ನು ನೀವೇ ಹಾಕಿ. ಓನೀಲ್ 34 ಅಂಕ, 16 ಶಾಟ್‌ನಲ್ಲಿ 13 ಒಳಗೆ. ಇದನ್ನಷ್ಟೇ ನೋಡಿದರೆ ವಾಲೇಸ್ ಸೋತರು ಅನ್ನಬೇಕು. ಕೋಬಿ 25 ಅಂಕ, ಅದಕ್ಕೆ 27 ಶಾಟ್ ಬೇಕಾಯಿತು. ತಂಡದ ಒಟ್ಟು ಅಂಕ 75. ಅಂದರೆ ಬಾಕಿ ಲೇಕರ್ಸ್ ಆಟಗಾರರೆಲ್ಲ ಸೇರಿ ಹಾಕಿದ್ದು 16! ಡೆಟ್ರಾಯಿಟ್ 87–75ರಿಂದ ಗೆದ್ದಿತು. ವಾಲೇಸ್ ಓನೀಲ್ ಅವರನ್ನು ಪೂರ್ತಿ ತಡೆಯಬೇಕಾಗಿರಲಿಲ್ಲ. ಸಹಾಯ ಕೇಳದೆ ಎದುರು ನಿಲ್ಲಬೇಕಿತ್ತು, ನಿಂತರು. ಸರಣಿ 4–1. ಕೊನೆಯ ಪಂದ್ಯದಲ್ಲಿ ಅವರದ್ದು 18 ಅಂಕ, 22 ರೀಬೌಂಡ್. ಫೈನಲ್ಸ್‌ನ ಅತ್ಯುತ್ತಮ ಆಟಗಾರ ಪ್ರಶಸ್ತಿ ಚಾನ್ಸಿ ಬಿಲಪ್ಸ್ ಪಾಲಾಯಿತು.

ದೌರ್ಬಲ್ಯವನ್ನೂ ಬರೆದುಕೊಳ್ಳಿ. ಫ್ರೀ ಥ್ರೋದಲ್ಲಿ, ಅಂದರೆ ಫೌಲ್ ಆದಾಗ ಯಾರ ಅಡ್ಡಿಯೂ ಇಲ್ಲದೆ ಹೊಡೆಯುವ ಶಾಟ್‌ನಲ್ಲಿ, ವಾಲೇಸ್ ಅವರ ಯಶಸ್ಸು ಶೇ. 41ರ ಆಸುಪಾಸು, ಅಂದರೆ ತೀರಾ ಕಡಿಮೆ. 2004ರ ನವೆಂಬರ್‌ನಲ್ಲಿ ಎದುರಾಳಿ ಇಂಡಿಯಾನಾ ತಂಡದ ರಾನ್ ಆರ್ಟೆಸ್ಟ್ ಫೌಲ್ ಮಾಡಿದಾಗ ವಾಲೇಸ್ ಸಿಟ್ಟಿನಿಂದ ಅವರನ್ನು ತಳ್ಳಿದರು. ಅಲ್ಲಿಂದ ಶುರುವಾದ ಗಲಾಟೆ ಪ್ರೇಕ್ಷಕರವರೆಗೂ ಹಬ್ಬಿತು. ವಾಲೇಸ್‌ಗೆ 6 ಪಂದ್ಯ ನಿಷೇಧ ಬಿತ್ತು.

2006ರಲ್ಲಿ ಶಿಕಾಗೊ, 2008ರಲ್ಲಿ ಕ್ಲೀವ್‌ಲ್ಯಾಂಡ್, 2009ರಲ್ಲಿ ಮತ್ತೆ ಡೆಟ್ರಾಯಿಟ್. ಹಳೆಯ ವೇಗ ಮರಳಿ ಬರಲಿಲ್ಲ. 2016ರಲ್ಲಿ ಪಿಸ್ಟನ್ಸ್ ಅವರ 3ನೇ ನಂಬರಿನ ಜೆರ್ಸಿಯನ್ನು ಇನ್ನು ಯಾರಿಗೂ ಕೊಡುವುದಿಲ್ಲ ಎಂದು ಎತ್ತಿಟ್ಟಿತು. 2021ರಲ್ಲಿ ಹಾಲ್ ಆಫ್ ಫೇಮ್ ಬಂತು. ಆಧುನಿಕ ಎನ್‌ಬಿಎಯಲ್ಲಿ ಡ್ರಾಫ್ಟ್ ಆಗದೆ ಆ ಪಟ್ಟಿ ಸೇರಿದ ಮೊದಲ ಆಟಗಾರ ಅವರೇ.