ಜಟಕಾ ಕುದುರೆಗೆ ಸಜ್ಜು ಹೊಂದಿಸುವ ಬಗೆ

ಗಾಡಿ ಕುದುರೆಯ ಸಜ್ಜನ್ನು ಪಟ್ಟಿಗಳ ಹೆಸರು ಹಿಡಿದು ಕಲಿಯಲು ಹೊರಟರೆ ಗೊಂದಲವೇ ಹೆಚ್ಚು. ಎಳೆಯುವುದು, ಮೂಕಿಯನ್ನು (ಕುದುರೆಯ ಎರಡು ಬದಿಗೂ ಗಾಡಿಯಿಂದ ಮುಂದಕ್ಕೆ ಚಾಚಿದ ಮರದ ದಂಡಗಳು) ಹೊರುವುದು, ಗಾಡಿಯನ್ನು ತಡೆಯುವುದು, ತಿರುಗಿಸುವುದು ಎಂಬ ನಾಲ್ಕು ಕೆಲಸಗಳಲ್ಲಿ ಯಾವ ಪಟ್ಟಿ ಯಾವುದಕ್ಕೆ ಎಂದು ಕೇಳಿಕೊಂಡರೆ ಅದು ಎಲ್ಲಿ ಕೂರಬೇಕು, ಎಷ್ಟು ಬಿಗಿಯಿರಬೇಕು ಎಂಬುದು ತಾನಾಗಿ ತಿಳಿಯುತ್ತದೆ. ಇಲ್ಲಿ ಮೈಸೂರಿನ ಜಟಕಾ, ಟಾಂಗಾದಂಥ ಎರಡು ಚಕ್ರದ ಗಾಡಿಯನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ನಾಲ್ಕು ಚಕ್ರದ ಸಾರೋಟು ತನ್ನ ಭಾರವನ್ನು ತಾನೇ ಹೊರುತ್ತದೆ. ಟಾಂಗಾದ ಭಾರದಲ್ಲಿ ಒಂದು ಪಾಲು ಮೂಕಿಗಳ ಮೂಲಕ ಕುದುರೆಯ ಬೆನ್ನಿಗೆ ಬರುತ್ತದೆ. ಆದ್ದರಿಂದ ಟಾಂಗಾ ಕುದುರೆಯ ಸಜ್ಜಿನಲ್ಲಿ ಹೆಚ್ಚು ಗಮನ ಬೇಡುವುದು ಈ ಭಾರ ಹೊರುವ ಜೀನು.

ಎದೆಪಟ್ಟಿಯಿಂದ ಆರಂಭಿಸೋಣ. ಕುದುರೆ ಗಾಡಿಯನ್ನು ಎಳೆಯುವುದು ಎದೆಯಿಂದ ಈ ಪಟ್ಟಿಯನ್ನು ಮುಂದಕ್ಕೆ ತಳ್ಳುವ ಮೂಲಕ. ಪಟ್ಟಿ ಮೇಲೇರಿದರೆ ಕತ್ತು ಎದೆಗೆ ಸೇರುವಲ್ಲಿ ಉಸಿರುನಾಳವನ್ನು ಒತ್ತುತ್ತದೆ. ಕೆಳಗಿಳಿದರೆ ಭುಜದ ಮುಂತುದಿಯ ಮೂಳೆಗೆ ಅಡ್ಡವಾಗಿ ಹೆಜ್ಜೆಯನ್ನು ಮೊಟಕು ಮಾಡುತ್ತದೆ. ಇವೆರಡರ ನಡುವಿನ ಕಿರಿದಾದ ಜಾಗವೇ ಅದರ ಸ್ಥಾನ. ಕುದುರೆ ತಲೆ ಎತ್ತಿ ನಿಂತಾಗ ನೋಡಿದರೆ ಸಾಲದು, ತಲೆ ತಗ್ಗಿಸಿ ಎಳೆಯುವ ಭಂಗಿಯಲ್ಲಿಯೂ ನೋಡಬೇಕು. ಎದೆಪಟ್ಟಿಯಿಂದ ಹಿಂದಕ್ಕೆ ಗಾಡಿಯವರೆಗೆ ಹೋಗುವ ಎಳೆಪಟ್ಟಿಗಳನ್ನು ಗಾಡಿಗೆ ನೇರವಾಗಿ ಬಿಗಿಯುವುದಕ್ಕಿಂತ ನಡುವೆ ತಿರುಗಣಿಯಿರುವ ಅಡ್ಡಮರಕ್ಕೆ ಕಟ್ಟುವುದು ಒಳ್ಳೆಯದು: ಎಡಭುಜ, ಬಲಭುಜ ಸರದಿಯಂತೆ ಮುಂದೆ ಹೋಗುವಾಗ ಅಡ್ಡಮರವೂ ಅದರೊಂದಿಗೆ ಆಡುವುದರಿಂದ ಪಟ್ಟಿ ಚರ್ಮವನ್ನು ಉಜ್ಜುವುದಿಲ್ಲ.

ಜೀನು ಹೆಗಲಿನ ಮೂಳೆದಿಬ್ಬದ ಹಿಂದೆ ಕೂರಬೇಕು. ಅದರ ಎರಡು ಮೆತ್ತೆಗಳು ಬೆನ್ನುಮೂಳೆಯ ಆಚೀಚೆ ಮಾಂಸಖಂಡದ ಮೇಲೆ ಒರಗಬೇಕೇ ಹೊರತು ಮೂಳೆಯನ್ನು ಮುಟ್ಟಬಾರದು. ಗಾಡಿ ಎಳೆಯುವ ಮತ್ತು ಹೊರೆ ಹೊರುವ ಪ್ರಾಣಿಗಳ ಹಿಂಸೆಯನ್ನು ತಡೆಯಲು 1965ರಲ್ಲಿ ಬಂದ ಕೇಂದ್ರ ನಿಯಮಗಳು ಈ ಅಂಶವನ್ನೇ ಹೇಳುತ್ತವೆ: ಜೀನಿನ ಕಮಾನಿಗೂ ಹೆಗಲ ದಿಬ್ಬಕ್ಕೂ ನಡುವೆ ಸಾಕಷ್ಟು ತೆರಪಿರಬೇಕು. ಮುಳ್ಳಿನ ಕಡಿವಾಣವನ್ನೂ ಆ ನಿಯಮಗಳು ನಿಷೇಧಿಸಿವೆ. ತೆರಪನ್ನು ಖಾಲಿ ಜೀನಿನಲ್ಲಿ ಅಳೆದು ಸಮಾಧಾನಪಡುವಂತಿಲ್ಲ. ಮೂಕಿಯ ಭಾರ ಬಿದ್ದಾಗ ಮೆತ್ತೆ ಅಮುಕಿಕೊಳ್ಳುವುದರಿಂದ ಆಮೇಲೂ ಬೆರಳು ತೂರಿಸಿ ನೋಡಬೇಕು.

ಟಾಂಗಾದಲ್ಲಿ ಹೊಟ್ಟೆಪಟ್ಟಿಗಳು ಎರಡು. ಒಂದು ಜೀನನ್ನು ಹಿಡಿದಿಡುತ್ತದೆ. ಅದು ಮುಂಗಾಲಿನ ಮೇಲ್ಭಾಗದ ಮೊಣಕೈ ಗಂಟಿನಿಂದ ಸುಮಾರು ಒಂದು ಅಂಗೈಯಗಲ ಹಿಂದೆ, ಹಿತವಾದ ಬಿಗಿಯಲ್ಲಿರಬೇಕು. ಇನ್ನೊಂದು ಮೂಕಿಗಳನ್ನು ಕೆಳಗಿನಿಂದ ಹಿಡಿಯುತ್ತದೆ. ಇದು ತುಸು ಸಡಿಲವಾಗಿಯೇ ಇರಬೇಕು. ಹಿಂದಿನಿಂದ ಜನ ಹತ್ತಿದೊಡನೆ ಗಾಡಿ ಹಿಂದಕ್ಕೆ ವಾಲಿ ಮೂಕಿಗಳು ಆಕಾಶ ನೋಡದಂತೆ ತಡೆಯುವುದು ಈ ಎರಡನೆಯ ಪಟ್ಟಿಯೇ. ಆದರೆ ವಾಲುವಿಕೆಯ ನಿಜವಾದ ಪರಿಹಾರ ಪಟ್ಟಿಯಲ್ಲಿಲ್ಲ, ಸಮತೋಲನದಲ್ಲಿದೆ. “ಸ್ವಲ್ಪ ಮುಂದಕ್ಕೆ ಸರಿದು ಕೂತ್ಕೊಳ್ಳಿ ಸ್ವಾಮಿ” ಎಂದು ಟಾಂಗಾದವರು ಹೇಳುವುದು ಸೌಜನ್ಯಕ್ಕಲ್ಲ. ಎಲ್ಲರೂ ಕುಳಿತ ಮೇಲೆ ಮೂಕಿಯ ತುದಿಯನ್ನು ಒಂದು ಕೈಯಲ್ಲಿ ಸುಲಭವಾಗಿ ಎತ್ತಲು ಬರುವಷ್ಟು ಹಗುರ ಭಾರ ಮಾತ್ರ ಮುಂದಕ್ಕಿರಬೇಕು. ಅದಕ್ಕಿಂತ ಹೆಚ್ಚಾದರೆ ಬೆನ್ನು ನೋಯುತ್ತದೆ. ಭಾರ ಹಿಂದಕ್ಕೆ ಜಾರಿದರೆ ಹೊಟ್ಟೆಪಟ್ಟಿ ಮೇಲಕ್ಕೆ ಜಗ್ಗಿ ಕುದುರೆಯ ಕಾಲು ನೆಲದಲ್ಲಿ ಸರಿಯಾಗಿ ಊರುವುದಿಲ್ಲ.

ಎಳೆಪಟ್ಟಿಯ ಉದ್ದವನ್ನೂ ಪೃಷ್ಠವನ್ನು ಬಳಸಿ ಗಾಡಿಯನ್ನು ತಡೆಯುವ ಹಿಂಭಾಗದ ತಡೆಪಟ್ಟಿಯನ್ನೂ ಒಟ್ಟಿಗೆ ಹೊಂದಿಸಬೇಕು. ಎಳೆಪಟ್ಟಿ ಬಿಗಿಯಾಗಿ ನಿಂತಾಗ ಮೂಕಿ ತೂರಿಸಿದ ಚರ್ಮದ ಕುಣಿಕೆಗಳು ಜೀನಿನ ನೇರಕ್ಕೇ ತೂಗಬೇಕು, ಮೂಕಿಯ ತುದಿ ಭುಜದ ಮುಂತುದಿಯ ಆಸುಪಾಸಿನಲ್ಲಿರಬೇಕು. ಆಗ ಪೃಷ್ಠಕ್ಕೂ ತಡೆಪಟ್ಟಿಗೂ ನಡುವೆ ಸುಮಾರು ಒಂದು ಅಂಗೈಯಗಲದ ಸಡಿಲವಿದ್ದರೆ ಸರಿ. ಅದು ಬಿಗಿಯಾದರೆ ಪ್ರತಿ ಹೆಜ್ಜೆಯಲ್ಲೂ ಉಜ್ಜುತ್ತದೆ. ತೀರ ಸಡಿಲವಾದರೆ ಇಳಿಜಾರಿನಲ್ಲಿ ಗಾಡಿ ಮುಂದಕ್ಕೆ ನುಗ್ಗಿ ಕುಣಿಕೆಗಳು ಜೀನನ್ನೇ ಹೆಗಲ ಮೇಲಕ್ಕೆ ತಳ್ಳುತ್ತವೆ. ಜೀನಿನಿಂದ ಹೊರಟು ಬಾಲದಡಿ ಹಾಯುವ ಬಾಲಪಟ್ಟಿಯ ವಿಷಯದಲ್ಲಿ ಹೇಳಬೇಕಾದುದು ಇಷ್ಟೇ: ಬಾಲದ ಒಂದು ಕೂದಲೂ ಅದರಡಿ ಸಿಕ್ಕಿಕೊಂಡಿರಬಾರದು, ಸಿಕ್ಕಿದರೆ ಕುದುರೆ ಒದೆಯುತ್ತದೆ.

ತಲೆಯ ಸಜ್ಜಿನಲ್ಲಿ, ಪಕ್ಕ ಮತ್ತು ಹಿಂದಿನ ನೋಟವನ್ನು ಮರೆಮಾಡುವ ಕಣ್ಣುಪಟ್ಟಿಯ ನಡುಭಾಗ ಕಣ್ಣಿನ ನೇರಕ್ಕಿರಬೇಕು, ರೆಪ್ಪೆಗೂದಲನ್ನು ಸೋಕಬಾರದು. ಕಡಿವಾಣ ಬಾಯಿಯ ಮೂಲೆಗಳನ್ನು ಮುಟ್ಟುತ್ತಿರಬೇಕು, ಹಿಂದಕ್ಕೆ ಎಳೆದು ಹಿಡಿದಿರಬಾರದು.

ಹೂಡುವಾಗ ಕುದುರೆಯನ್ನು ಮೂಕಿಗಳ ನಡುವೆ ಹಿಂದಕ್ಕೆ ತಳ್ಳದೆ ಗಾಡಿಯನ್ನೇ ಅದರ ಬಳಿಗೆ ತರಬೇಕು. ಮೊದಲು ಎಳೆಪಟ್ಟಿ, ಬಳಿಕ ತಡೆಪಟ್ಟಿ, ಕೊನೆಗೆ ಮೂಕಿಯ ಹೊಟ್ಟೆಪಟ್ಟಿ. ಬಿಚ್ಚುವಾಗ ಈ ಕ್ರಮ ತಿರುವುಮುರುವು. ಗಾಡಿ ಪೂರ್ತಿ ಕಳಚುವವರೆಗೆ ತಲೆಯ ಸಜ್ಜನ್ನು ತೆಗೆಯಲೇಬಾರದು: ಕಣ್ಣುಪಟ್ಟಿ ಸರಿದು ಬೆನ್ನ ಹಿಂದಿನ ಚಕ್ರಗಳು ಒಮ್ಮೆಲೇ ಕಂಡ ಕುದುರೆ ಬೆದರಿ ಓಡಿದರೆ, ಹಿಡಿಯಲು ಕೈಯಲ್ಲಿ ಲಗಾಮೂ ಇರುವುದಿಲ್ಲ.