ಪದ ಪರಿಚಯ: ಮಾಟ

ಆಡುವುದು ಆಟ, ಓಡುವುದು ಓಟ, ನೋಡುವುದು ನೋಟ. ಅದೇ ಸಾಲಿನಲ್ಲಿ ಮಾಡುವುದು ಮಾಟ. ‘ಮಾಟವಾದ ಮೂಗು’ ಎನ್ನುವಾಗ ಪದಕ್ಕೆ ಅಂದವಾಗಿ ಮಾಡಿದ್ದು ಎಂಬ ಅರ್ಥ. ಅಲ್ಲಿ ಹೆದರುವಂಥದ್ದೇನೂ ಇಲ್ಲ. ಪಕ್ಕದಲ್ಲಿ ಮಂತ್ರ ಬಂದು ಕುಳಿತು ಮಾಟಮಂತ್ರವಾದರೆ ಮಾತ್ರ ಹೇಳುವವರ ದನಿ ತಗ್ಗುತ್ತದೆ.

ನಮ್ಮ ಮಲೆನಾಡಿನ ಕಡೆ ಹಲವರು ಅಷ್ಟನ್ನೂ ಬಾಯಿಬಿಟ್ಟು ಹೇಳುವುದಿಲ್ಲ. ಕರೆಯುವ ಎಮ್ಮೆ ಇದ್ದಕ್ಕಿದ್ದಂತೆ ಒದೆಯತೊಡಗಿತು, ಕೂಡಿಬಂದ ಸಂಬಂಧ ಮುರಿಯಿತು, ತೋಟದ ಅಡಿಕೆಯೆಲ್ಲ ಉದುರಿತು ಎಂದರೆ ‘ಯಾರೋ ಮಾಡಿಸಿದ್ದಾರೆ’ ಎನ್ನುತ್ತಾರೆ. ಏನನ್ನು ಎಂದು ಕೇಳುವವರಿಲ್ಲ. (ಅಡಿಕೆ ಉದುರಿದ್ದು ಕೊಳೆರೋಗಕ್ಕೆ, ಬೋರ್ಡೋ ದ್ರಾವಣ ಹೊಡೆಯಲು ತಡಮಾಡಿದ್ದಕ್ಕೆ ಎಂಬುದು ಹೇಳುವವರಿಗೂ ಗೊತ್ತಿರುತ್ತದೆ.) ಆ ಕ್ರಿಯಾಪದವನ್ನು ಸ್ವಲ್ಪ ಗಮನಿಸಬೇಕು. ಮಾಡಿದವನು ಒಬ್ಬ, ದಕ್ಷಿಣೆ ಕೊಟ್ಟು ಮಾಡಿಸಿದವನು ಇನ್ನೊಬ್ಬ, ಆ ಇನ್ನೊಬ್ಬನಿಗೆ ಬೇಲಿಯದೋ ನೀರಿನದೋ ಒಂದು ಹಳೆಯ ಜಗಳ. ಇಷ್ಟೂ ‘ಇಸು’ ಎಂಬ ಒಂದು ಪ್ರತ್ಯಯದೊಳಗೆ ಅಡಗಿದೆ. ಕಡಿದಾಳ್ ಮಂಜಪ್ಪನವರಿಂದ ಹಿಡಿದು ನಾಲ್ವರು ಮುಖ್ಯಮಂತ್ರಿಗಳನ್ನು ಕಂಡ ಶಿವಮೊಗ್ಗದಲ್ಲಿ ಚುನಾವಣೆ ಸೋತವರ ಮನೆಯ ಜಗಲಿಯಲ್ಲೂ ಇದೇ ವಾಕ್ಯ ಕೇಳುತ್ತದೆ: ‘ಒಳಗಿನವರೇ ಮಾಡಿಸಿದ್ದಾರೆ.’

ಹಾಗೆಂದರೆ ಮಾಟಕ್ಕೂ ರಾಜಕಾರಣಕ್ಕೂ ನಮ್ಮಲ್ಲಿ ಒಂದೇ ಕ್ರಿಯಾಪದ ಸಾಕು. ರಾಜಕಾರಣ ಎಂಬ ಪದವನ್ನು ಬಿಡಿಸಿದರೆ ಒಳಗೆ ಕಾರಣವಿದೆ. ಆ ಕಾರಣವೂ ಸಂಸ್ಕೃತದಲ್ಲಿ ಮಾಡು ಎಂಬ ಅರ್ಥದ ‘ಕೃ’ ಧಾತುವಿನಿಂದಲೇ ಬಂದದ್ದು.

ಇದು ನನಗೆ ಹೊಳೆದದ್ದು, ಒಂದು ಸಿಂಹಾಸನಕ್ಕಾಗಿ ಹಲವು ಮನೆತನಗಳು ಬಡಿದಾಡುವ ‘ಗೇಮ್ ಆಫ್ ಥ್ರೋನ್ಸ್’ ಎಂಬ ಇಂಗ್ಲಿಷ್ ಧಾರಾವಾಹಿಯ ದೆಸೆಯಿಂದ. 2011ರಲ್ಲಿ ಆರಂಭವಾಗಿ 2019ರ ಮೇ ತಿಂಗಳಲ್ಲಿ ಮುಗಿದ, ಎಂಟು ಸರಣಿಗಳ, 73 ಕಂತುಗಳ ಕಥೆ. ಕೊನೆಯ ಸರಣಿಯನ್ನು ಹೊಸದಾಗಿ ಬರೆದು ಚಿತ್ರಿಸಬೇಕೆಂಬ ಮನವಿಗೆ ಹತ್ತು ಲಕ್ಷಕ್ಕೂ ಹೆಚ್ಚು ಸಹಿಗಳು ಬಿದ್ದವು. ಅದೇ ಸರಣಿ ಅಮೆರಿಕದ ಟಿ.ವಿ. ಪ್ರಶಸ್ತಿಯಾದ ಎಮ್ಮಿಗೆ 32 ನಾಮನಿರ್ದೇಶನ ಪಡೆದು ಆ ವರ್ಷದ ಅತ್ಯುತ್ತಮ ನಾಟಕ ಸರಣಿ ಎನಿಸಿಕೊಂಡಿತು. ಹಾಗಾದರೆ ಅಭಿಮಾನಿಗಳ ಸಿಟ್ಟು ಯಾವುದರ ಮೇಲೆ? ಡ್ರ್ಯಾಗನ್ ಹಾರಿದ್ದಕ್ಕೆ, ಹೆಣಗಳು ಎದ್ದು ನಡೆದದ್ದಕ್ಕೆ ಯಾರೂ ತಕರಾರು ತೆಗೆದಿರಲಿಲ್ಲ.

ಹೊಸನಗರದ ಹತ್ತಿರದ ಅತ್ತೆಯ ಮನೆಯಲ್ಲಿ ಅಡಿಕೆ ಸುಲಿಯುವಾಗ ನಾನು ಈ ಕಥೆಯನ್ನು ಕಂತುಕಂತಾಗಿ ಹೇಳಿದ್ದುಂಟು. ಮೆಟ್ಟುಕತ್ತಿಯ ಮುಂದೆ ಕುಳಿತವರಿಗೆ ಕಿವಿ ಬಿಡುವಾಗಿರುತ್ತದೆ. ಅವರಷ್ಟು ಕಟ್ಟುನಿಟ್ಟಿನ ಪ್ರೇಕ್ಷಕರು ಬೇರೆಲ್ಲೂ ಸಿಗುವುದಿಲ್ಲ. ಕೆಂಪು ಸೀರೆಯವಳು (ಮೆಲಿಸಾಂಡ್ರೆ ಎಂಬ ಮಾಟಗಾತಿಯ ಉಡುಪಿಗೆ ನಾನು ಅಲ್ಲಿ ಕೊಟ್ಟ ಹೆಸರು) ಸ್ಟಾನಿಸ್ ಎಂಬ ರಾಜನ ಪರವಾಗಿ ಒಂದು ನೆರಳನ್ನು ಹೆತ್ತು, ಅದರಿಂದ ಅವನ ತಮ್ಮ ರೆನ್ಲಿಯನ್ನು ಡೇರೆಯೊಳಗೇ ಕೊಲ್ಲಿಸಿದಳು ಎಂದೆ. ಅತ್ತೆ ಕೈ ನಿಲ್ಲಿಸದೆ ಕೇಳಿದರು: “ಅಲ್ಲ ಮಾಣಿ, ಅಷ್ಟು ಸುಲಭದ ಕೆಲಸವಾದರೆ ಉಳಿದ ರಾಜರಿಗೂ ಒಂದೊಂದು ನೆರಳು ಕಳಿಸಬಹುದಿತ್ತಲ್ಲ? ಯುದ್ಧ ಯಾಕೆ?”

ಜಗತ್ತಿನ ಅಭಿಮಾನಿಗಳೂ ಇದನ್ನೇ ಕೇಳಿದ್ದರು. ಕಥೆಯಲ್ಲಿ ಅದಕ್ಕೆ ಉತ್ತರವಿದೆ. ಮೂರನೆಯ ಸರಣಿಯಲ್ಲಿ ಸ್ಟಾನಿಸ್ ತಾನೇ ಇನ್ನೊಂದು ನೆರಳು ಬೇಡುತ್ತಾನೆ. ನಿನ್ನೊಳಗಿನ ಬೆಂಕಿ ಕುಂದಿದೆ, ಇನ್ನೊಮ್ಮೆ ಮಾಡಿದರೆ ನಿನ್ನ ಜೀವವೇ ಹೋದೀತು ಎಂದು ಅವಳು ಒಪ್ಪುವುದಿಲ್ಲ. ಅಂದರೆ ಮಾಡಿಸಿದವನ ಆಯುಷ್ಯವೇ ಖರ್ಚು. ಅತ್ತೆ “ಹಾಗೆ ಹೇಳು” ಎಂದು ಮುಂದಿನ ಅಡಿಕೆ ಎತ್ತಿಕೊಂಡರು.

ಐದನೆಯ ಸರಣಿ ಇನ್ನೂ ಗಟ್ಟಿ. ಹಿಮದಲ್ಲಿ ಸಿಕ್ಕಿಬಿದ್ದ ಸೈನ್ಯಕ್ಕೆ ದಾರಿಯಾಗಲೆಂದು ಸ್ಟಾನಿಸ್ ತನ್ನ ಒಬ್ಬಳೇ ಮಗಳು ಶಿರೀನ್‌ಳನ್ನು ಬೆಂಕಿಗೆ ಕೊಡುತ್ತಾನೆ. 2015ರಲ್ಲಿ ಈ ಕಂತು ಬಂದಾಗ ಇನ್ನು ನೋಡುವುದಿಲ್ಲ ಎಂದವರು ಎಷ್ಟೋ ಮಂದಿ. ಅತ್ತೆಯ ಮನೆಯಲ್ಲೂ ಸ್ವಲ್ಪ ಹೊತ್ತು ಕತ್ತಿಯ ಸದ್ದಷ್ಟೇ ಇತ್ತು. ಮಾಟ ಫಲಿಸಿತೇ ಎಂದರೆ, ಫಲಿಸಿತು. ಬೆಳಗಾಗುವಷ್ಟರಲ್ಲಿ ಹಿಮ ಕರಗಿತ್ತು. ಆದರೆ ಮಗಳನ್ನು ಸುಟ್ಟವನ ಬಳಿ ನಿಲ್ಲಲಾರದೆ ಅರ್ಧದಷ್ಟು ಸೈನ್ಯ ರಾತ್ರೋರಾತ್ರಿ ಹೊರಟುಹೋಗಿತ್ತು, ಹೆಂಡತಿ ನೇಣು ಹಾಕಿಕೊಂಡಿದ್ದಳು, ಮಾಟ ಮಾಡಿದ ಮೆಲಿಸಾಂಡ್ರೆಯೂ ಕುದುರೆ ಹತ್ತಿ ಓಡಿದ್ದಳು. ದಾರಿ ತೆರೆದಿದೆ, ನಡೆಯುವವರಿಲ್ಲ. ಮಾಟ ಕೊಟ್ಟದ್ದನ್ನು ರಾಜಕಾರಣ ಕಿತ್ತುಕೊಂಡ ಇಂಥ ಜಾಗ ಇಡೀ ಧಾರಾವಾಹಿಯಲ್ಲಿ ಇನ್ನೊಂದಿಲ್ಲ ಎಂದು ನನ್ನ ಎಣಿಕೆ.

ಯಕ್ಷಗಾನ ನೋಡಿ ಬೆಳೆದವರಿಗೆ ಈ ಲೆಕ್ಕ ಹೊಸದಲ್ಲ. ಸೈಂಧವನ ವಧೆಯಲ್ಲಿ ಕೃಷ್ಣ ಚಕ್ರದಿಂದ ಸೂರ್ಯನನ್ನೇ ಮರೆಮಾಡುತ್ತಾನೆ. ರಂಗದ ಮುಂದೆ ಕುಳಿತವರಾರೂ ‘ಇದು ಮೋಸ’ ಎಂದು ಎದ್ದು ಹೋಗುವುದಿಲ್ಲ. ಸೂರ್ಯ ಮುಳುಗುವುದರೊಳಗೆ ಕೊಲ್ಲದಿದ್ದರೆ ಅಗ್ನಿಪ್ರವೇಶ ಮಾಡುತ್ತೇನೆ ಎಂಬ ಅರ್ಜುನನ ಶಪಥ ಮೊದಲೇ ಆಗಿದೆ. ಆ ಶಪಥವಿಲ್ಲದಿದ್ದರೆ ಸೂರ್ಯನನ್ನು ಮರೆಮಾಡಿ ಸಿಗುವುದೇನು? ಗದಾಯುದ್ಧದಲ್ಲಿ ತೊಡೆಗೆ ಬೀಳುವ ಏಟಿಗೂ ಸಭೆಯಲ್ಲಿ ಭೀಮ ಆಡಿದ ಮಾತಿನ ಆಧಾರವಿದೆ.

ಆ ಧಾರಾವಾಹಿಯ ಮೊದಲ ಭಾಗವೂ ಹೀಗೆಯೇ ನಡೆದಿತ್ತು. ನೆಡ್ ಸ್ಟಾರ್ಕ್ ಎಂಬ ಸಾಮಂತ ತನ್ನ ಗುಟ್ಟನ್ನು ಕನಿಕರಪಟ್ಟು ಶತ್ರುವಿಗೇ ಹೇಳಿದ, ತಲೆ ಹೋಯಿತು. ಅವನ ಮಗ ರಾಬ್ ಫ್ರೇ ಮನೆತನಕ್ಕೆ ಕೊಟ್ಟ ಮದುವೆಯ ಮಾತು ಮುರಿದ, 2013ರಲ್ಲಿ ಬಂದ ಕಂತಿನ ಮದುವೆ ಮನೆಯಲ್ಲಿ ಅವನೂ ಅವನ ತಾಯಿಯೂ ಹೆಣವಾದರು. ಸಂಬಂಧ ಮುರಿದ ಮನೆಯವರ ಸಿಟ್ಟನ್ನು ಅತ್ತೆಗೆ ವಿವರಿಸಬೇಕಾಗಲಿಲ್ಲ.

ಕೊನೆಗೆ ಬಂದಾಗ ಕಾರಣಗಳು ತೆಳುವಾದವು. 2019ರ ಏಪ್ರಿಲ್‌ನ ಕಂತಿನಲ್ಲಿ ನೆಡ್‌ನ ಮಗಳು ಆರ್ಯ, ಹೆಣಗಳನ್ನು ಎಬ್ಬಿಸುತ್ತಿದ್ದ ನೈಟ್ ಕಿಂಗ್‌ನನ್ನು ಒಂದೇ ಇರಿತಕ್ಕೆ ಮುಗಿಸಿದಳು; ಹೆಣಗಳ ಸೈನ್ಯ ನಿಂತಲ್ಲೇ ಕುಸಿಯಿತು. ನ್ಯಾಯವಾಗಿ ಹೇಳಬೇಕೆಂದರೆ, ಎಬ್ಬಿಸಿದವನು ಸತ್ತರೆ ಎದ್ದವೂ ಬೀಳುತ್ತವೆ ಎಂಬ ನಿಯಮವನ್ನು ಏಳನೆಯ ಸರಣಿಯಲ್ಲೇ ತೋರಿಸಿದ್ದರು. ನನಗೆ ಸಾಲದೆನಿಸಿದ್ದು ಬೇರೆ: ಏಳು ಸರಣಿ ಹೆದರಿಸಿದ ಚಳಿಗಾಲ ಒಂದು ರಾತ್ರಿಗೆ ಮುಗಿದು, ಮರುದಿನ ಎಲ್ಲರೂ ಸಿಂಹಾಸನದ ಜಗಳಕ್ಕೆ ಏನೂ ಆಗದವರಂತೆ ಮರಳಿದರು. ಡ್ರ್ಯಾಗನ್‌ಗಳ ಒಡತಿ ಡೆನೇರಿಸ್, ಶರಣಾದ ಊರನ್ನು ಸುಟ್ಟದ್ದರ ಬಗೆಗೂ ಬಹಳ ಮಂದಿಯ ದೂರು ಇದೇ. ಅವಳು ಸುಡಬಲ್ಲವಳು ಎಂಬುದನ್ನು ಎಲ್ಲರೂ ಒಪ್ಪಿದ್ದರು. ಶರಣಾಗತಿಯ ಗಂಟೆ ಬಾರಿಸಿದ ಮೇಲೂ ಯಾಕೆ ಸುಟ್ಟಳು ಎಂಬುದಕ್ಕೆ ಅವಳ ಮುಖ ಬಿಟ್ಟರೆ ಬೇರೆ ಉತ್ತರ ಇರಲಿಲ್ಲ.

ಕಡೆಗೆ ಸಿಂಹಾಸನ ಸಿಕ್ಕಿದ್ದು ನೆಡ್‌ನ ಇನ್ನೊಬ್ಬ ಮಗ, ಬ್ರಾನ್ ಎಂಬ ನಡೆಯಲಾಗದ ಹುಡುಗನಿಗೆ. ಅವನಿಗೆ ಹಿಂದಿನದೆಲ್ಲ ಕಾಣುತ್ತದೆ, ಮುಂದಿನದೂ ಒಂದಿಷ್ಟು ಕಾಣುತ್ತದೆ. ಇವನ ಕಥೆಯಂಥ ಕಥೆ ಯಾರಿಗಿದೆ ಎಂದು ಡೆನೇರಿಸ್‌ಳ ಮಂತ್ರಿಯಾಗಿದ್ದ ಟಿರಿಯನ್ ಕೇಳಿದ, ಕುಳಿತ ಸಾಮಂತರು ಒಪ್ಪಿದರು. ರಾಜನಾಗುತ್ತೀಯಾ ಎಂದಾಗ ಹುಡುಗ, ಇಷ್ಟು ದೂರ ಮತ್ತೇಕೆ ಬಂದೆ ಎಂದುಕೊಂಡಿರಿ ಎಂದ.

ಅದನ್ನು ಹೇಳಿ ಮುಗಿಸಿದಾಗ ಹಂಡೆಯಲ್ಲಿ ಅಡಿಕೆ ಬೇಯತೊಡಗಿತ್ತು. ಅತ್ತೆ ಸಿಪ್ಪೆಯ ರಾಶಿಯನ್ನು ಕಾಲಿನಿಂದ ಬದಿಗೆ ತಳ್ಳಿ ಎದ್ದರು.

“ಸರಿ ಬಿಡು. ಎಲ್ಲವನ್ನೂ ಆ ಹುಡುಗನೇ ಮಾಡಿಸಿದ್ದು.”