ಪದ ಪರಿಚಯ: ಬ್ರೇಕ್‌ಔಟ್ ವರ್ಷ

ಚೆಂಡನ್ನು ಕೈಯಲ್ಲಿ ಎಸೆದು, ಹಿಡಿದು ಆಡುವ ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನ ಪಂದ್ಯಗಳು ಶುರುವಾಗುವುದು ಸೆಪ್ಟೆಂಬರ್‌ನಲ್ಲಿ. ಅಭಿಮಾನಿಗಳ ವಾದ ಮಾತ್ರ ಏಪ್ರಿಲ್‌ನ ಡ್ರಾಫ್ಟ್ (ತಂಡಗಳು ಸರದಿಯಂತೆ, ಸುತ್ತು ಸುತ್ತಾಗಿ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಪ್ರಕ್ರಿಯೆ) ಮುಗಿದ ದಿನವೇ ಬಿಸಿಯೇರುತ್ತದೆ. ಜುಲೈ ಕೊನೆಗೆ ತರಬೇತಿ ಶಿಬಿರಗಳು ತೆರೆಯುವ ಹೊತ್ತಿಗೆ ಬಹುತೇಕ ಪ್ರತಿ ತಂಡದ ಬೆಂಬಲಿಗರಿಗೂ ಕಚ್ಚಾಡಲು ಒಬ್ಬ ಎಳೆಯ ವೈಡ್ ರಿಸೀವರ್ (ಎಸೆದ ಚೆಂಡು ಹಿಡಿಯುವ ಆಟಗಾರ) ಸಿಕ್ಕಿರುತ್ತಾನೆ. ಪ್ರಶ್ನೆ ಒಂದೇ: ಇದು ಅವನ ಬ್ರೇಕ್‌ಔಟ್ ವರ್ಷವೇ, ಅಲ್ಲವೇ? ಅಮೆರಿಕದಲ್ಲಿ ಬೆಳೆಯುತ್ತಿರುವ ಕನ್ನಡದ ಮಕ್ಕಳ ಬಾಯಲ್ಲಿ ಈ ಪದ ಕೇಳಿ, ಏನಿದು ಎಂದುಕೊಂಡ ಹಿರಿಯರಿಗೂ ಈ ಬರಹ ನೆರವಾಗಬಹುದು.

ಪ್ರತಿಭೆ ಇದೆ ಎಂದು ಎಲ್ಲರೂ ಒಪ್ಪಿದ್ದರೂ ಇಡೀ ಋತುವಿನುದ್ದಕ್ಕೂ ಅದನ್ನು ತೋರಿಸದ ಆಟಗಾರ, ಮೊದಲ ಬಾರಿಗೆ ತೋರಿಸಿಕೊಡುವ ವರ್ಷವೇ ಬ್ರೇಕ್‌ಔಟ್ ವರ್ಷ. ಒಂದೆರಡು ಪಂದ್ಯಗಳಲ್ಲಿ ಮಿಂಚಿದರೆ ಅದು ಬ್ರೇಕ್‌ಔಟ್ ಆಗುವುದಿಲ್ಲ. ಇವನನ್ನು ತಡೆಯುವುದು ಹೇಗೆ ಎಂದು ಎದುರಾಳಿ ತಂಡದ ತರಬೇತುದಾರರು ವಾರವಿಡೀ ತಲೆ ಕೆಡಿಸಿಕೊಳ್ಳುವ ಮಟ್ಟಕ್ಕೆ ಅವನು ಏರಬೇಕು. ಅಂಕಿಯಲ್ಲಿ ಹೇಳುವುದಾದರೆ, ಒಂದು ಋತುವಿನಲ್ಲಿ ಹಿಡಿದ ಚೆಂಡುಗಳಿಂದ ಸಾವಿರ ಗಜ ಗಳಿಸುವುದು ಅಭಿಮಾನಿಗಳು ಇಟ್ಟುಕೊಂಡಿರುವ ಹಳೆಯ ಅಳತೆ. ಅಳತೆ ಹಳೆಯದಾದರೂ ಅದರ ಬೆಲೆ ಬದಲಾಗಿದೆ. 1978ರಿಂದ 2020ರವರೆಗೆ ತಂಡವೊಂದಕ್ಕೆ 16 ಪಂದ್ಯಗಳಿದ್ದವು. ಸಾವಿರ ಮುಟ್ಟಲು ಪಂದ್ಯಕ್ಕೆ 62.5 ಗಜ ಬೇಕಿತ್ತು. 2021ರಿಂದ 17 ಪಂದ್ಯಗಳಾಗಿವೆ. ಈಗ 59ಕ್ಕಿಂತ ಕಡಿಮೆ ಸಾಕು.

ಆಟದ ಪರಿಚಯ ಇಲ್ಲದವರಿಗಾಗಿ ಎರಡು ಮಾತು. ಎರಡೂ ಕಡೆ ಹನ್ನೊಂದು ಜನ. ಚೆಂಡು ಹೊಂದಿದ ತಂಡ ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದಕ್ಕೆ ಸಾಗಬೇಕು. ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯುತ್ತಾನೆ. ಮೈದಾನದ ಅಂಚಿನತ್ತ ದೂರ ನಿಂತ ವೈಡ್ ರಿಸೀವರ್ ಮೊದಲೇ ಗೊತ್ತುಪಡಿಸಿದ ದಾರಿಯಲ್ಲಿ ಓಡಿ ಅದನ್ನು ಹಿಡಿಯಬೇಕು. ಅವನನ್ನು ನೆರಳಿನಂತೆ ಹಿಂಬಾಲಿಸಲು ಎದುರಾಳಿಯ ಕಾರ್ನರ್‌ಬ್ಯಾಕ್ ಇರುತ್ತಾನೆ.

ಕ್ರಿಕೆಟ್‌ನಲ್ಲಿ ಕ್ರೀಸಿಗೆ ಬಂದ ಹೊಸ ಬ್ಯಾಟರ್‌ಗೆ ಚೆಂಡು ಬಂದೇ ಬರುತ್ತದೆ, ಏಕೆಂದರೆ ಅದನ್ನು ಎಸೆಯುವುದು ಎದುರಾಳಿಯ ಕೆಲಸ. ರಿಸೀವರ್‌ಗೆ ಆ ಭರವಸೆ ಇಲ್ಲ. ತನ್ನದೇ ತಂಡದ ಕ್ವಾರ್ಟರ್‌ಬ್ಯಾಕ್ ಅವನನ್ನು ನೋಡಬೇಕು, ನಂಬಬೇಕು, ಮೇಲೆ ಎರಗುವವರ ನಡುವೆ ಎರಡೂವರೆ ಮೂರು ಸೆಕೆಂಡು ಉಳಿದುಕೊಂಡು ಎಸೆಯಬೇಕು. ಒಂದು ಪಂದ್ಯದಲ್ಲಿ ಮೂವತ್ತು ಸಲ ಪ್ರಾಣ ಕೊಟ್ಟು ಓಡಿದವನತ್ತ ಚೆಂಡು ಆರೇಳು ಸಲ ಬರುವುದು ಮಾಮೂಲು. ಹಾಗಾಗಿ ಬ್ರೇಕ್‌ಔಟನ್ನು ನಾವು ಒಬ್ಬನ ಖಾತೆಗೆ ಬರೆದರೂ ಅದು ಕನಿಷ್ಠ ಇಬ್ಬರ ಸಾಧನೆ. ಎಳೆಯ ರಿಸೀವರ್‌ನ ಬಗ್ಗೆ ನಡೆಯುವ ವಾದಗಳಲ್ಲಿ ಎಲ್ಲಕ್ಕಿಂತ ಮೊದಲು ಮರೆತುಹೋಗುವುದು ಇದೇ, ಮತ್ತು ಅದರಿಂದ ಆಟಗಾರರಿಗೆ ಅನ್ಯಾಯವಾಗುತ್ತದೆ ಎಂದು ನಾನು ನಂಬುತ್ತೇನೆ.

ಈ ಪದ ಬೇರೆ ಸ್ಥಾನದ ಆಟಗಾರರಿಗೂ ಸಲ್ಲುತ್ತದೆ. ಆದರೂ ರಿಸೀವರ್‌ಗೆ ಹೆಚ್ಚು ಅಂಟಿಕೊಂಡದ್ದಕ್ಕೆ ಕಾರಣವಿದೆ. ಚೆಂಡು ಹಿಡಿದು ನುಗ್ಗುವ ರನ್ನಿಂಗ್ ಬ್ಯಾಕ್‌ಗಳಲ್ಲಿ ಅನೇಕರು ಮೊದಲ ವರ್ಷವೇ ಹೊಳೆಯುತ್ತಾರೆ. ರಿಸೀವರ್‌ನ ಕಸುಬು ಹಾಗಲ್ಲ, ಅದನ್ನು ಕಲಿಯಬೇಕು. ಅವನು ಓಡುವ ದಾರಿಯನ್ನು ರೂಟ್ ಎನ್ನುತ್ತಾರೆ. ಸ್ಲ್ಯಾಂಟ್, ಔಟ್, ಪೋಸ್ಟ್, ಕಾರ್ನರ್, ನೇರ ಮುಂದಕ್ಕೆ ಓಡುವ ಗೋ ಹೀಗೆ ಒಂದೊಂದಕ್ಕೂ ಹೆಸರು, ಎಷ್ಟನೆಯ ಗಜದಲ್ಲಿ ತಿರುಗಬೇಕೆಂಬ ಲೆಕ್ಕ. ಅನೇಕ ಸಲ ಅವನು ತಿರುಗುವ ಮೊದಲೇ ಚೆಂಡು ಕ್ವಾರ್ಟರ್‌ಬ್ಯಾಕ್‌ನ ಕೈ ಬಿಟ್ಟಿರುತ್ತದೆ. ಒಂದು ಹೆಜ್ಜೆ ತಡವಾದರೆ ಅದು ಎದುರಾಳಿಯ ಕೈಗೆ ಸಿಗುತ್ತದೆ, ಬೈಗುಳ ಎಸೆದವನಿಗೆ ಬೀಳುತ್ತದೆ, ಮುಂದಿನ ಸಲ ಅವನು ಈ ಹುಡುಗನತ್ತ ನೋಡುವುದಿಲ್ಲ. ಕೆಲವು ರೂಟ್‌ಗಳಲ್ಲಂತೂ ಎದುರಾಳಿಗಳು ನಿಂತ ಬಗೆಯನ್ನು ಓಡುತ್ತಲೇ ಓದಿ ದಿಕ್ಕು ಆರಿಸಬೇಕು; ಆ ಕ್ಷಣದಲ್ಲಿ ಇಬ್ಬರ ಓದೂ ಒಂದೇ ಆಗಿರಬೇಕು.

ಇದರ ಜೊತೆಗೆ ‘ಪ್ರೆಸ್’ ಇದೆ. ಮೊದಲ ಐದು ಗಜದೊಳಗೆ ಕಾರ್ನರ್‌ಬ್ಯಾಕ್ ರಿಸೀವರ್‌ನನ್ನು ಕೈಯಿಂದ ತಳ್ಳಿ ತಡೆಯಬಹುದು, ನಿಯಮ ಅದಕ್ಕೆ ಒಪ್ಪುತ್ತದೆ. ಕಾಲೇಜಿನಲ್ಲಿ ಎದುರು ಯಾರೂ ಹತ್ತಿರ ನಿಲ್ಲದೆ ಸಲೀಸಾಗಿ ಓಟ ಶುರುಮಾಡಿದ ಹುಡುಗನಿಗೆ, ಕೈಯಳತೆಯಲ್ಲಿ ನಿಂತ ಮೂವತ್ತರ ಹರೆಯದ ಅನುಭವಿಯನ್ನು ತಪ್ಪಿಸಿಕೊಂಡು ಹೋಗುವುದೇ ಮೊದಲ ಪಾಠ. ನಲವತ್ತು ಗಜವನ್ನು 4.3 ಸೆಕೆಂಡಿನಲ್ಲಿ ಓಡುವ ಶಕ್ತಿ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಜಾನ್ ರಾಸ್ ಎಂಬ ರಿಸೀವರ್ 2017ರಲ್ಲಿ ಆ ದೂರವನ್ನು 4.22 ಸೆಕೆಂಡಿನಲ್ಲಿ ಓಡಿ ಅಂದಿನ ದಾಖಲೆ ಬರೆದರು, ಸಿನ್ಸಿನಾಟಿ ಬೆಂಗಾಲ್ಸ್ ಅವರನ್ನು ಒಂಬತ್ತನೆಯವರಾಗಿ ಆರಿಸಿತು. ಮೊದಲ ಋತುವಿನಲ್ಲಿ ಅವರು ಒಂದೂ ಕ್ಯಾಚ್ ಹಿಡಿಯಲಿಲ್ಲ.

ಇಂಥ ಅನುಭವಗಳಿಂದಲೇ ಹಿಂದೆ ಅಭಿಮಾನಿಗಳಲ್ಲಿ ‘ಮೂರನೆಯ ವರ್ಷ’ ಎಂಬ ನಂಬಿಕೆ ಬೇರೂರಿತ್ತು: ಮೊದಲ ವರ್ಷ ಕಲಿಕೆ, ಎರಡನೆಯದು ಹೊಂದಾಣಿಕೆ, ಮೂರನೆಯದು ಬ್ರೇಕ್‌ಔಟ್. ಕಾಲ್ಪನಿಕ ತಂಡ ಕಟ್ಟಿ ಆಡುವ ಫ್ಯಾಂಟಸಿ ಫುಟ್‌ಬಾಲ್‌ನವರು ಇದನ್ನು ಸೂತ್ರವನ್ನಾಗಿಯೇ ಮಾಡಿಕೊಂಡರು. ಡವಾಂಟೆ ಆಡಮ್ಸ್ ಈ ಸೂತ್ರದ ಅಚ್ಚುಕಟ್ಟಾದ ಉದಾಹರಣೆ. ಗ್ರೀನ್ ಬೇ ಪ್ಯಾಕರ್ಸ್ ತಂಡ 2014ರಲ್ಲಿ ಎರಡನೆಯ ಸುತ್ತಿನಲ್ಲಿ ಆರಿಸಿದ ಆಡಮ್ಸ್ ಮೊದಲ ವರ್ಷ 446 ಗಜ ಗಳಿಸಿದರು. ಎರಡನೆಯ ವರ್ಷ 483 ಗಜ, ಒಂದೇ ಒಂದು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಅಂಕ ಗಳಿಸುವುದು), ಕೈಯಿಂದ ಜಾರಿದ ಚೆಂಡುಗಳು ಬೇರೆ. ಇವನನ್ನು ಬಿಟ್ಟುಬಿಡಿ ಎಂದು ಬೆಂಬಲಿಗರು ರೇಗಿದರು. ಆ 2015ರಲ್ಲಿ ಏನಾಗಿತ್ತು? ತಂಡದ ಮುಖ್ಯ ರಿಸೀವರ್ ಜೋರ್ಡಿ ನೆಲ್ಸನ್ ಋತು ಶುರುವಾಗುವ ಮೊದಲೇ ಮಂಡಿಗೆ ಗಾಯ ಮಾಡಿಕೊಂಡು ಹೊರಗುಳಿದಿದ್ದರು. ಎದುರಾಳಿಗಳ ಗಮನವೆಲ್ಲ ಹೊಸಬರ ಮೇಲೆ ಬಿತ್ತು, ಆಡಮ್ಸ್ ಅವರ ಪಾದದ ಕೀಲಿಗೂ ಪೆಟ್ಟಾಗಿತ್ತು. 2016ರಲ್ಲಿ ನೆಲ್ಸನ್ ಮರಳಿದರು. ಆಡಮ್ಸ್ 997 ಗಜ, 12 ಟಚ್‌ಡೌನ್ ಗಳಿಸಿದರು. ಸಾವಿರಕ್ಕೆ ಮೂರು ಗಜ ಕಡಿಮೆ. ಅದು ಬ್ರೇಕ್‌ಔಟ್ ಅಲ್ಲ ಎನ್ನುವವರು ಯಾರಿದ್ದಾರೆ? ಮುಂದೆ 2020ರಲ್ಲಿ ಅವರು 18 ಟಚ್‌ಡೌನ್‌ಗಳೊಂದಿಗೆ ಲೀಗ್‌ಗೇ ಮೊದಲಿಗರಾದರು.

ಜೆರ್ರಿ ರೈಸ್ ಅವರ ಕಥೆಯೂ ಹೇಳಲೇಬೇಕಾದದ್ದು. ಈ ಸ್ಥಾನದಲ್ಲಿ ಆಡಿದವರಲ್ಲಿ ಅತ್ಯುತ್ತಮರು ಎಂದು ಬಹುಜನ ಒಪ್ಪುವ ಅವರು 1985ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ತಂಡಕ್ಕೆ ಬಂದಾಗ ಸುಲಭದ ಚೆಂಡುಗಳನ್ನೂ ಕೈಬಿಟ್ಟರು, ತವರಿನ ಪ್ರೇಕ್ಷಕರೇ ಕೂಗಿ ಹೀಯಾಳಿಸಿದರು. ಡಿಸೆಂಬರ್‌ನಲ್ಲಿ ರ‍್ಯಾಮ್ಸ್ ವಿರುದ್ಧ ಒಂದೇ ರಾತ್ರಿ 241 ಗಜ ಗಳಿಸಿದ ಮೇಲೆ ಆ ಕೂಗು ಅಡಗಿತು. ಮರುವರ್ಷ 1,570 ಗಜ. ನಿವೃತ್ತಿಯ ಹೊತ್ತಿಗೆ 22,895 ಗಜ. ಆ ಮೊತ್ತದ ಹತ್ತಿರಕ್ಕೆ ಇವತ್ತಿಗೂ ಯಾರೂ ಬಂದಿಲ್ಲ.

ಆದರೆ ಇಂದು ‘ಮೂರನೆಯ ವರ್ಷದವರೆಗೆ ಕಾಯಿರಿ’ ಎಂದರೆ ಕೇಳುವವರು ಕಡಿಮೆ. 2014ರಲ್ಲಿ ಓಡೆಲ್ ಬೆಕಮ್ ಜೂನಿಯರ್ 12 ಪಂದ್ಯಗಳಲ್ಲೇ 1,305 ಗಜ ಗಳಿಸಿದರು. 2020ರಲ್ಲಿ ಜಸ್ಟಿನ್ ಜೆಫರ್ಸನ್ ಮೊದಲ ವರ್ಷವೇ 1,400 ಮುಟ್ಟಿದರು. ಮರುವರ್ಷ ಜಮಾರ್ ಚೇಸ್ 1,455, 2023ರಲ್ಲಿ ಐದನೆಯ ಸುತ್ತಿನಲ್ಲಿ ಆಯ್ಕೆಯಾದ ಪುಕಾ ನಕುವಾ 1,486. ನಕುವಾ ಮುರಿದದ್ದು 1960ರಿಂದ ಉಳಿದುಬಂದಿದ್ದ ಮೊದಲ ವರ್ಷದ ದಾಖಲೆಯನ್ನು. ಕಾಲೇಜು ತಂಡಗಳು ಹೆಚ್ಚು ಎಸೆದು ಆಡತೊಡಗಿದವು, ವೃತ್ತಿಪರ ತಂಡಗಳು ಆ ಯೋಜನೆಗಳನ್ನೇ ಎರವಲು ತಂದವು, ಐದು ಗಜದಾಚೆ ಮುಟ್ಟಬಾರದೆಂಬ ನಿಯಮವನ್ನು 2004ರಿಂದ ಬಿಗಿಯಾಗಿ ಜಾರಿ ಮಾಡಿದರು. ಹುಡುಗರು ಮೊದಲಿಗಿಂತ ಸಿದ್ಧರಾಗಿ ಬರುತ್ತಿರುವುದು ನಿಜ. ಅದರಿಂದ ಬೆಂಬಲಿಗರ ತಾಳ್ಮೆ ತೀರಾ ತೆಳುವಾಗಿರುವುದೂ ಅಷ್ಟೇ ನಿಜ. ಚೇಸ್ ಅವರನ್ನೇ ನೋಡಿ: ಕೋವಿಡ್ ವರ್ಷ ಆಡದೆ ಉಳಿದು, 2021ರ ಆಗಸ್ಟ್‌ನ ಅಭ್ಯಾಸ ಪಂದ್ಯಗಳಲ್ಲಿ ನಾಲ್ಕು ಚೆಂಡು ಕೈಬಿಟ್ಟರು. ಅವರನ್ನು ಆರಿಸಿ ಸಿನ್ಸಿನಾಟಿ ತಪ್ಪು ಮಾಡಿತು ಎಂಬ ಗುಲ್ಲೆದ್ದಿತು. ಸೆಪ್ಟೆಂಬರ್‌ನ ಮೊದಲ ಪಂದ್ಯದಲ್ಲೇ ಅವರು 101 ಗಜ ಗಳಿಸಿದರು.

ಈ ಪದದ ಸುತ್ತ ಇತ್ತೀಚೆಗೆ ನಡೆದ ವಾದಗಳಲ್ಲಿ ನನ್ನನ್ನು ಹೆಚ್ಚು ಹಿಡಿದಿಟ್ಟದ್ದು ಅರಿಝೋನ ಕಾರ್ಡಿನಲ್ಸ್ ತಂಡದ ಮಾರ್ವಿನ್ ಹ್ಯಾರಿಸನ್ ಜೂನಿಯರ್ ಅವರದು. ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಸತತ ಎರಡು ವರ್ಷ 1,200 ಗಜ ದಾಟಿದ ಅವರನ್ನು 2024ರಲ್ಲಿ ನಾಲ್ಕನೆಯವರಾಗಿ ಆರಿಸಲಾಯಿತು. ತಲೆಮಾರಿಗೊಬ್ಬರು ಎಂದು ಬಣ್ಣಿಸಿದ್ದರು. ಮೊದಲ ಪಂದ್ಯದಲ್ಲಿ ಒಂದು ಕ್ಯಾಚ್, ನಾಲ್ಕು ಗಜ. ಮುಗಿಯಿತು ಕಥೆ ಎಂದರು ಕೆಲವರು. ಮರುವಾರ ರ‍್ಯಾಮ್ಸ್ ವಿರುದ್ಧ ಮೊದಲ ಕಾಲು ಭಾಗದಲ್ಲೇ 130 ಗಜ, ಎರಡು ಟಚ್‌ಡೌನ್. ಅದೇ ಜನ ಮುಗಿಲಿಗೇರಿಸಿದರು. ವರ್ಷದ ಕೊನೆಗೆ 62 ಕ್ಯಾಚ್, 885 ಗಜ, 8 ಟಚ್‌ಡೌನ್.

ಇದು ಸೋಲೇ? ಅದೇ ಡ್ರಾಫ್ಟ್‌ನಲ್ಲಿ ಅವರ ನಂತರ ಆಯ್ಕೆಯಾದ ಮಲಿಕ್ ನೇಬರ್ಸ್, ಬ್ರಯನ್ ಥಾಮಸ್ ಜೂನಿಯರ್ ಮತ್ತು ಲ್ಯಾಡ್ ಮೆಕಾಂಕಿ ಮೂವರೂ ಸಾವಿರ ದಾಟಿದ್ದರು. ಹೋಲಿಕೆಯಲ್ಲಿ 885 ಚಿಕ್ಕದಾಗಿ ಕಂಡಿತು. ಕಾರ್ಡಿನಲ್ಸ್ ತಂಡದಲ್ಲಿ ಚೆಂಡು ಹೆಚ್ಚು ಹೋದದ್ದು ಟ್ರೇ ಮೆಕ್‌ಬ್ರೈಡ್ ಎಂಬ ಟೈಟ್ ಎಂಡ್ (ಒಳಬದಿಯಲ್ಲಿ ನಿಂತು ಎದುರಾಳಿಯನ್ನು ತಡೆಯುವ, ಚೆಂಡನ್ನೂ ಹಿಡಿಯುವ ಆಟಗಾರ) ಕಡೆಗೆ. ಅವರು 111 ಕ್ಯಾಚ್ ಹಿಡಿದರು. ಒಂದೇ ಚೆಂಡು, ಹಂಚಿಕೊಳ್ಳುವವರು ಹಲವರು. ಹ್ಯಾರಿಸನ್ ಅವರನ್ನು ಬಹಳಷ್ಟು ಸಲ ಅಂಚಿನ ಗುಂಟ ದೂರದ ಓಟಕ್ಕೆ ಕಳಿಸಲಾಗುತ್ತಿತ್ತು. ಅಂಥ ಎಸೆತಗಳು ಕೈಗೂಡುವ ಪ್ರಮಾಣವೇ ಕಡಿಮೆ.

ಇನ್ನು ತಂದೆಯ ಲೆಕ್ಕ ನೋಡಿ. ಹಿರಿಯ ಮಾರ್ವಿನ್ ಹ್ಯಾರಿಸನ್ 1996ರಲ್ಲಿ ಇಂಡಿಯಾನಾಪೊಲಿಸ್ ಕೋಲ್ಟ್ಸ್ ಪರ ಮೊದಲ ವರ್ಷ 16 ಪಂದ್ಯಗಳಲ್ಲಿ 836 ಗಜ, 8 ಟಚ್‌ಡೌನ್ ಗಳಿಸಿದ್ದರು. ಮಗನದು 17 ಪಂದ್ಯಗಳಲ್ಲಿ 885. ಪಂದ್ಯಕ್ಕೆ ಭಾಗಿಸಿದರೆ ಇಬ್ಬರದೂ 52 ಗಜ. ತಂದೆಯ ಎರಡನೆಯ ವರ್ಷ 866, ಮೂರನೆಯದು ಗಾಯದ ನಡುವೆ 776. ಮೂರು ವರ್ಷದ ಸೂತ್ರ ಹಿಡಿದು ಕೂತವರು ಅವರನ್ನು ಅಲ್ಲಿಗೇ ಸಾಧಾರಣ ಆಟಗಾರ ಎಂದು ಬರೆದುಬಿಡುತ್ತಿದ್ದರು. ನಾಲ್ಕನೆಯ ವರ್ಷ, 1999ರಲ್ಲಿ, 1,663 ಗಜ. ನಡುವೆ ಆದದ್ದೇನೆಂದರೆ 1998ರಲ್ಲಿ ಪೇಟನ್ ಮ್ಯಾನಿಂಗ್ ಎಂಬ ಕ್ವಾರ್ಟರ್‌ಬ್ಯಾಕ್ ಬಂದರು, ಒಂದು ವರ್ಷ ತಡವರಿಸಿ, ನಂತರ ಕುದುರಿಕೊಂಡರು. 3 ಗೆದ್ದು 13 ಸೋತಿದ್ದ ತಂಡ 13 ಗೆದ್ದು 3 ಸೋತಿತು. 2002ರಲ್ಲಿ ಹಿರಿಯ ಹ್ಯಾರಿಸನ್ ಹಿಡಿದ 143 ಕ್ಯಾಚ್‌ಗಳ ದಾಖಲೆ 2019ರವರೆಗೂ ಉಳಿಯಿತು. ಮಗ ತಂದೆಯಂತೆ ಆಗಿಯೇ ಆಗುತ್ತಾರೆ ಎಂದು ಇದರಿಂದ ಹೇಳಲಾಗದು. ಮೊದಲ ವರ್ಷದ 885 ಗಜ ಯಾವುದನ್ನೂ ತೀರ್ಮಾನಿಸುವುದಿಲ್ಲ ಎಂಬಷ್ಟನ್ನು ಮಾತ್ರ ಖಂಡಿತ ಹೇಳಬಹುದು.

ಕಾದರೆ ಎಲ್ಲರೂ ಅರಳುತ್ತಾರೆ ಎಂದೂ ಅಲ್ಲ. ಶಿಕಾಗೊ ಬೇರ್ಸ್ 2015ರಲ್ಲಿ ಏಳನೆಯವರಾಗಿ ಆರಿಸಿದ ಕೆವಿನ್ ವೈಟ್ ಮೊದಲ ವರ್ಷ ಮೊಣಕಾಲ ಕೆಳಗಿನ ಮೂಳೆಯ ಬಿರುಕಿನಿಂದ ಒಂದೂ ಪಂದ್ಯ ಆಡಲಿಲ್ಲ. ಎರಡನೆಯ ವರ್ಷ ಕಾಲಿನ ಮೂಳೆ ಮುರಿಯಿತು, ಮೂರನೆಯ ವರ್ಷ ಭುಜ. ಫಿಲಡೆಲ್ಫಿಯ ಈಗಲ್ಸ್ 2020ರಲ್ಲಿ ಜೆಫರ್ಸನ್ ಅವರನ್ನು ಬಿಟ್ಟು, ಅವರಿಗಿಂತ ಒಂದೇ ಸ್ಥಾನ ಮೊದಲು ಜೇಲನ್ ರೇಗರ್ ಅವರನ್ನು ಆರಿಸಿ ಎರಡು ವರ್ಷ ಕಾಯಿತು, ಕೊನೆಗೆ ಬೇರೆ ತಂಡಕ್ಕೆ ಕಳಿಸಿತು. ಹೀಗೆ ನಿರೀಕ್ಷೆ ಕೈಗೂಡದವರಿಗೆ ಅಭಿಮಾನಿಗಳು ‘ಬಸ್ಟ್’ ಎನ್ನುತ್ತಾರೆ. ಗಾಯದಿಂದ ನರಳಿದವರಿಗೂ ಆ ಪದ ಬಳಸುವುದು ನನಗೆ ಸರಿಕಾಣುವುದಿಲ್ಲ.

ಇದೇ ವಾದಗಳಲ್ಲಿ ಕೇಳಿಬರುವ ‘ಸೀಲಿಂಗ್’ ಎಂದರೆ ಎಲ್ಲವೂ ಸರಿಹೋದರೆ ಆಟಗಾರ ಏರಬಹುದಾದ ಎತ್ತರ, ‘ಫ್ಲೋರ್’ ಎಂದರೆ ಎಲ್ಲ ಕೆಟ್ಟರೂ ಅವನಿಂದ ಸಿಗುವ ಕನಿಷ್ಠ. ಬ್ರೇಕ್‌ಔಟ್‌ನ ಸುಳಿವನ್ನು ಮೊದಲೇ ಹಿಡಿಯಬೇಕೆನ್ನುವವರು ಒಟ್ಟು ಗಜವನ್ನು ಬಿಟ್ಟು ಎರಡು ಲೆಕ್ಕ ನೋಡುತ್ತಾರೆ. ಒಂದು, ತಂಡದ ಎಸೆತಗಳಲ್ಲಿ ಎಷ್ಟು ಪಾಲು ಅವನ ಕಡೆಗೆ ಬಂದಿತು ಎಂಬುದು. ಇನ್ನೊಂದು, ಅವನು ಓಡಿದ ಪ್ರತಿ ರೂಟ್‌ಗೆ ಸರಾಸರಿ ಎಷ್ಟು ಗಜ ಸಿಕ್ಕಿತು ಎಂಬುದು. ಎರಡು ಗಜ ದಾಟಿದರೆ ಹುಡುಗ ಚೆನ್ನಾಗಿ ಆಡುತ್ತಿದ್ದಾನೆ ಎಂದೇ ಅರ್ಥ, ಮೊತ್ತ ಚಿಕ್ಕದಿದ್ದರೂ. ಇದರಲ್ಲೂ ಎಸೆಯುವವನ ಪಾಲಿದೆ. ಆದರೆ ಅವಕಾಶವೇ ಕಡಿಮೆ ಸಿಕ್ಕವನನ್ನು ಈ ಲೆಕ್ಕ ದಂಡಿಸುವುದಿಲ್ಲ.

ಅಭಿಮಾನಿಗಳು ಎಷ್ಟು ಬೇಕಾದರೂ ಕಾಯಬಹುದು, ತಂಡಗಳಿಗೆ ಆ ಸ್ವಾತಂತ್ರ್ಯ ಇಲ್ಲ. ಮೊದಲ ಸುತ್ತಿನಲ್ಲಿ ಆಯ್ಕೆಯಾದವರ ಒಪ್ಪಂದ ನಾಲ್ಕು ವರ್ಷದ್ದು. ಐದನೆಯ ವರ್ಷಕ್ಕೆ ಉಳಿಸಿಕೊಳ್ಳುವ ಹಕ್ಕು ತಂಡದ್ದು. ಅದನ್ನು ಬಳಸುತ್ತೇವೋ ಇಲ್ಲವೋ ಎಂದು ಮೂರನೆಯ ಋತು ಮುಗಿದ ನಂತರದ ಮೇ ತಿಂಗಳ ಆರಂಭದೊಳಗೆ ಹೇಳಬೇಕು. ಆಟಗಾರ ಹೊಸ ದೊಡ್ಡ ಒಪ್ಪಂದ ಕೇಳಬಹುದಾದದ್ದೂ ಮೂರು ಋತುಗಳ ನಂತರವೇ. ಹಳೆಯ ಸೂತ್ರ ಮಸುಕಾದರೂ ಮೂರು ಎಂಬ ಸಂಖ್ಯೆ ಉಳಿದುಕೊಂಡಿರುವುದು ಈ ಲೆಕ್ಕಪತ್ರದಲ್ಲಿ. ಜೆಫರ್ಸನ್ ತಮ್ಮ ಮೂರನೆಯ ವರ್ಷ 1,809 ಗಜ ಗಳಿಸಿ, 2024ರಲ್ಲಿ ನಾಲ್ಕು ವರ್ಷಕ್ಕೆ 14 ಕೋಟಿ ಡಾಲರ್‌ಗಳ ಒಪ್ಪಂದಕ್ಕೆ ಸಹಿ ಹಾಕಿದರು. ಹ್ಯಾರಿಸನ್ ಜೂನಿಯರ್, ನೇಬರ್ಸ್, ಥಾಮಸ್ ಇವರೆಲ್ಲ ಸೇರಿದ 2024ರ ಡ್ರಾಫ್ಟ್‌ನ ಮೊದಲ ಸುತ್ತಿನವರಿಗೆ ಆ ಗಡುವು ಬರುವುದು 2027ರ ಮೇ ತಿಂಗಳಲ್ಲಿ.